ಅವನು ಕೂರಿಸಿದ ನಟ್ಟುಗಳು

ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಕಾರು ಏರಿನಲ್ಲಿ ಬಿಕ್ಕತೊಡಗಿತು. ಹಳೆಯದು ತುಕ್ಕು ಹಿಡಿದು ಉದುರಿತ್ತು. ಹೊಸದರ ಕೊಳವೆ ಅಗಲ. ಹೊಗೆ ಸರಾಗವಾಗಿ ಹೊರಹೋಗುತ್ತಿತ್ತು, ಅಷ್ಟೇ ಸರಾಗವಾಗಿ ಗಾಳಿ ಒಳಗೆ ಬರುತ್ತಿತ್ತು. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಬೇಕಾದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡೂ ಕಾರ್ಬುರೇಟರುಗಳ ಅಡಿಯ ನಟ್ಟುಗಳನ್ನು ತಿರುಗಿಸಬೇಕು. ಇದು ಅವಳಿಗೆ ಗೊತ್ತಿತ್ತು. ಗಂಡ ಆ ಕೆಲಸ ಮಾಡುವಾಗಲೆಲ್ಲ ಆಕ್ಸಿಲರೇಟರ್ ಅದುಮಿಕೊಂಡು ಕೂರುತ್ತಿದ್ದವಳು ಅವಳೇ.

ಗೊತ್ತಿದ್ದೂ ಮುಟ್ಟಲಿಲ್ಲ. ಅವನು ತೀರಿಹೋದ ಮೇಲೆ ಅಂಗಿ, ಹಾಸಿಗೆ, ಕನ್ನಡಕ ಎಲ್ಲವೂ ಒಂದೊಂದಾಗಿ ಮನೆಯಿಂದ ಹೋಗಿದ್ದವು. ಅವನ ಕೈ ಇಟ್ಟ ಹಾಗೆಯೇ ಉಳಿದಿದ್ದು ಆ ನಟ್ಟುಗಳು ಮಾತ್ರ. ಆದ್ದರಿಂದ ಡಬ್ಬದ ತಗಡನ್ನು ಬಿಲ್ಲೆಯಂತೆ ಕತ್ತರಿಸಿ, ನಡುವೆ ಸಣ್ಣ ತೂತು ಕೊರೆದು, ಸೈಲೆನ್ಸರಿನ ಜೋಡಣೆಯೊಳಗೆ ಇಟ್ಟು ಬೋಲ್ಟು ಬಿಗಿದಳು. ಹೊಸ ಕೊಳವೆಯೂ ಹಳೆಯದರಷ್ಟೇ ಉಸಿರು ಬಿಡಲಿ ಎಂದು.

ಭಾನುವಾರ ಮೈದುನ ಬಂದ. ಎಂಜಿನ್ ಚಾಲೂ ಮಾಡಿಸಿ, ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹೊಗೆಗೆ ಕೈಯೊಡ್ಡಿದ.

"ಏನತ್ತಿಗೆ, ಇದಕ್ಕೆ ನೆಗಡೀನಾ? ಮೂಗು ಕಟ್ಟಿದೆಯಲ್ಲ!"

ಅವಳು ತಗಡಿನ ವಿಷಯ ಹೇಳಿದಳು.

"ಅಯ್ಯೋ ದೇವರೇ, ದೊಡ್ಡ ಚಪ್ಪಲಿ ತಂದು ಒಳಗೆ ಕಲ್ಲು ತುಂಬಿಕೊಂಡ ಹಾಗಾಯ್ತು!" ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. "ಹೀಗೇ ಓಡಿಸಿದ್ರೆ ಎಂಜಿನ್ ಬಿಸಿಯಾಗಿ ಕೈಕೊಡುತ್ತೆ, ಅತ್ತಿಗೆ. ಆಮೇಲೆ ಗುಜರಿಯವನೇ ಗತಿ. ನಟ್ಟು ನಾನು ತಿರುಗಿಸ್ಲಾ?"

"ಬೇಡ ಕಣೋ."

ಸೈಲೆನ್ಸರಿನ ಬಿಸಿ ಆರುವವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ತಗಡನ್ನು ಅವಳೇ ಬಿಚ್ಚಿ ತೆಗೆದಳು. ಮೈದುನನನ್ನು ಕಾರಿನೊಳಗೆ ಕೂರಿಸಿ, ಸ್ಪ್ಯಾನರ್ ತಾನೇ ಹಿಡಿದಳು.

"ಆಕ್ಸಿಲರೇಟರ್ ಹಗುರವಾಗಿ ಹಿಡ್ಕೋ. ಗಡಿಬಿಡಿ ಮಾಡಬೇಡ."

ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೆಯ ಸಲ ನಟ್ಟು ಅಲುಗಿತು. ಸ್ವಲ್ಪ ತಿರುಗಿಸಿದಳು, ಇನ್ನೊಂದನ್ನೂ ಅಷ್ಟೇ. ಕಪ್ಪು ಹೊಗೆ ಬಂತು. ಹೆಚ್ಚಾಯಿತೆಂದು ಹಿಂದಕ್ಕೆ ತಂದಳು. ಗಂಡ ಇಟ್ಟಿದ್ದ ಜಾಗ ಎಲ್ಲಿತ್ತು ಎಂಬುದು ಅಷ್ಟರಲ್ಲಿ ತಪ್ಪಿಯೇ ಹೋಗಿತ್ತು. ಆಮೇಲೆ ರಬ್ಬರ್ ನಳಿಗೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಎರಡೂ ಕಾರ್ಬುರೇಟರುಗಳ ಬಾಯಿಗೆ ಒಂದೊಂದಾಗಿ ಹಿಡಿದು, ಅವು ಗಾಳಿ ಎಳೆಯುವ ಸದ್ದನ್ನು ಕೇಳಿ ಕೇಳಿ ಸರಿದೂಗಿಸಿದಳು.

ಎಂಜಿನ್ ಒಂದೇ ಸಮನೆ ಓಡತೊಡಗಿತು.

"ಸಾಕಾ ಅತ್ತಿಗೆ?" ಒಳಗಿನಿಂದ ಮೈದುನ ಕೂಗಿದ. "ಕಾಲು ಜೋಮು ಹಿಡೀತು!"

ಇನ್ನು ತಿರುಗಿಸುವುದೇನೂ ಉಳಿದಿರಲಿಲ್ಲ. ಅವಳು ಗಂಡ ನಿಲ್ಲುತ್ತಿದ್ದ ಜಾಗದಲ್ಲಿ, ಬಾನೆಟ್ಟಿನ ಕೆಳಗೆ ತಲೆ ಬಗ್ಗಿಸಿಕೊಂಡೇ ಹೇಳಿದಳು:

"ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರು."