ದನಿ ಒಡೆಯುವ ಜಾಗ

ಹಾಡು ಕಲಿಸುವುದೇ ಅಕ್ಕನ ಕಸುಬಾದರೂ, ಸ್ವಂತ ತಂಗಿಗೆ ಆ ಒಂದು ಹಾಡು ಕಲಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಎದೆ ಹಿಂಡುವ ನಿಧಾನದ ಹಾಡು. ನಡುವೆ ಏಣಿ ಹಾಕಿದರೂ ನಿಲುಕದಂಥ ಮೇಲಿನ ಸ್ವರ.

"ಎದೆ ಉಬ್ಬಿಸಬೇಡ, ಹೊಟ್ಟೆಯಿಂದ ಉಸಿರು ತಗೋ. ದವಡೆ ಸಡಿಲ ಬಿಡು. ಕಿರುಚಬೇಡ್ವೇ, ಮಹರಾಯ್ತಿ!"

ಕೊನೆಯ ಸಾಲಿನಲ್ಲಿ ದನಿ ಒಡೆಯುವುದನ್ನೂ ಅವಳೇ ಹೇಳಿಕೊಟ್ಟಿದ್ದಳು: ಸ್ವರ ಹಿಡಿದು, ಅರ್ಧ ಉಸಿರು ಬಿಟ್ಟು, ಗಂಟಲನ್ನು ಕ್ಷಣಹೊತ್ತು ಮುಚ್ಚಿ ತೆರೆಯಬೇಕು. "ನಿಜವಾಗಿ ಅತ್ತರೆ ಹಾಡು ಕೆಡುತ್ತೆ. ಅಳೋದು ಕೇಳೋರ ಕೆಲಸ, ನಿಂದಲ್ಲ."

ಆ ಒಡಕಿಗೇ ಜನ ಮರುಳಾದರು. ತಂಗಿ ಊರೂರು ತಿರುಗಿದಳು. ಹಾಸಿಗೆ ಹಿಡಿದ ಅಮ್ಮ ಅಕ್ಕನ ಪಾಲಿಗೆ ಬಂದಳು.

ಅಮ್ಮ ತೀರಿಕೊಂಡ ದಿನ ತಂಗಿ ಕಾರಿಳಿದು ಬಂದಳು. ಹಾಲ್ ತುಂಬ ನೆಂಟರು. ಅಮ್ಮನ ತಲೆಯ ಬಳಿ ಕೂತು "ಅಮ್ಮಾ..." ಎಂದಳು. ದನಿ ಮೇಲೇರಿ, ಸರಿಯಾದ ಜಾಗದಲ್ಲೇ ಒಡೆಯಿತು. ಇಡೀ ಮನೆ ಗೊಳೋ ಎಂದಿತು.

ಅಕ್ಕ ಮಾತ್ರ ತಂಗಿಯ ದವಡೆ ನೋಡುತ್ತಿದ್ದಳು. ಸಡಿಲವಾಗಿತ್ತು. ಉಸಿರು ಹೊಟ್ಟೆಯಿಂದಲೇ ಬರುತ್ತಿತ್ತು.

ಆಮೇಲೆ ಅಕ್ಕನಿಗೂ ಅಳು ಉಕ್ಕಿತು. ಎದೆ ಉಬ್ಬಿತು, ದವಡೆ ಬಿಗಿಯಿತು, ದನಿ ಕಾಗೆಯ ಹಾಗೆ ಕಿರುಚಿಕೊಂಡಿತು. ಕಲಿಸಿದ್ದೆಲ್ಲ ತಪ್ಪಿತು.

ಸೋದರತ್ತೆ ಹೊರಳಿ ನೋಡಿ, ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು: "ದೊಡ್ಡವಳ ನಾಟಕ ನೋಡು. ಹೆತ್ತವಳಿಗೋಸ್ಕರ ಅಳೋದು ಹೇಗಂತ ಚಿಕ್ಕವಳನ್ನ ನೋಡಿ ಕಲೀಬೇಕು."