ಹಲ್ಲು ಗೆದ್ದಿತು, ಹೊಟ್ಟೆ ಸೋತಿತು

ಡ್ರೈವರಣ್ಣನ ಹಲ್ಲಿನ ಬಾವು ಇಳಿಯಿತು. ಕೆನ್ನೆ ಮತ್ತೆ ಕೆನ್ನೆಯಂತಾಯಿತು. ಹಲ್ಲಿನ ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಒಂದೂ ಬಿಡದೆ ಮುಗಿಸಿ, 'ಬದುಕಿದೆಯಾ ಬಡಜೀವವೇ' ಎಂದು ಬಸ್ಸಿನ ಸೀಟು ಹತ್ತಿದರು. ಆದರೆ ಬಾಯಿ ಬಿಟ್ಟ ಪೀಡೆ ಹೊಟ್ಟೆ ಸೇರಿತ್ತು. ಭೇದಿ ಶುರುವಾಯಿತು.

ದಾರಿಯಲ್ಲಿ ಸಿಕ್ಕ ಪೆಟ್ರೋಲ್ ಬಂಕಿನಲ್ಲೆಲ್ಲ ಬಸ್ಸು ನಿಲ್ಲತೊಡಗಿತು. "ಡೀಸೆಲ್ ಹಾಕಿಸ್ತಿದ್ದೀರಾ, ಇಳಿಸ್ತಿದ್ದೀರಾ?" ಎಂದು ಕಂಡಕ್ಟರ್ ನಕ್ಕ. ಡಿಪೋದ ಸಾಹೇಬರು ಮಾತ್ರ ನಗಲಿಲ್ಲ. "ನಿಮಗೆ ತಲೆ ಸುತ್ತಿದ್ರೆ ಬಸ್ ತುಂಬಾ ಇರೋ ಜನರ ಗತಿ ಏನು? ಹೊಟ್ಟೆ ಸರಿಹೋಗೋವರೆಗೂ ಸ್ಟೀರಿಂಗ್ ಮುಟ್ಬೇಡಿ" ಎಂದು ಮನೆಗೆ ಕಳಿಸಿದರು. ಡ್ರೈವರಣ್ಣನಿಗೆ ಜೀವವೇ ಹೋದಂತಾಯಿತು. ಬಸ್ಸು ಬಿಟ್ಟು ಅವರಿಗೆ ಬೇರೆ ಲೋಕವೇ ಗೊತ್ತಿಲ್ಲ. ಹೇಗಾದರೂ ನಾಳೆಯೇ ಡ್ಯೂಟಿಗೆ ಹೋಗಬೇಕೆಂಬ ಹಟ ಹಿಡಿಯಿತು.

ಮನೆಗೆ ಬಂದವರೇ ಊಟ ಬಿಟ್ಟರು, ನೀರೂ ಬಿಟ್ಟರು. "ಒಳಗೆ ಹಾಕಿದ್ರೆ ತಾನೆ ಹೊರಗೆ ಬರೋದು?" ಎಂಬುದು ಅವರ ಲೆಕ್ಕ. ಅದೂ ಸಾಲದೆಂದು ಫ್ರಿಜ್ ಮೇಲೆ ತಡಕಾಡಿ, ಭಾವಮೈದ ಎಂದೋ ತಿಂದು ಉಳಿಸಿಹೋಗಿದ್ದ ಆಂಟಿಬಯೋಟಿಕ್ ಮಾತ್ರೆ ಹುಡುಕಿ ತೆಗೆದರು.

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ರೀ, ಮಾತ್ರೆಯಿಂದ ಕೆಟ್ಟ ಹೊಟ್ಟೆಗೆ ಮತ್ತೆ ಮಾತ್ರೆನಾ?"

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಕಣೇ. ದೊಡ್ಡೋರು ಸುಮ್ನೆ ಹೇಳಿದ್ದಾರಾ?"

ಆಕೆ ಗಾದೆಗೆ ಎದುರಾಡಲಿಲ್ಲ. ಸೀದಾ ಮಹಡಿ ಹತ್ತಿ, ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಮೇಲ್ಮನೆಯ ನರ್ಸಕ್ಕನಿಗೆ ನಡೆದದ್ದನ್ನೆಲ್ಲ ಹೇಳಿ ಕರೆತಂದಳು.

"ಜ್ವರ ಇದೆಯಾ ಅಣ್ಣ? ಮಲದಲ್ಲಿ ರಕ್ತ? ಹೊಟ್ಟೆ ಹಿಂಡೋ ಹಾಗೆ ನೋವು?" ನರ್ಸಕ್ಕ ಬಂದವರೇ ಕೇಳಿದರು.

"ಅದೆಲ್ಲ ಏನೂ ಇಲ್ಲ ಸಿಸ್ಟರ್. ಬರೀ ತೆಳ್ಳಗೆ ಹೋಗ್ತಿದೆ."

"ಹಾಗಾದ್ರೆ ಆ ಮಾತ್ರೆ ಕೆಳಗಿಡಿ. ಮುಳ್ಳು ಆಗಲೇ ಹೊರಗೆ ಬಂದಾಯ್ತು. ಈಗ ಇರೋದು ಗಾಯ. ಗಾಯಕ್ಕೆ ಇನ್ನೊಂದು ಮುಳ್ಳು ಚುಚ್ಕೋತೀರಾ?"

ಡ್ರೈವರಣ್ಣ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತರು.

"ನಿಮ್ಮ ಬಸ್ಸಿನ ಮಾತಲ್ಲೇ ಹೇಳ್ತೀನಿ," ನರ್ಸಕ್ಕ ಸ್ಟೂಲು ಎಳೆದುಕೊಂಡರು. "ಬಸ್ಸಲ್ಲಿ ಜೇಬುಗಳ್ಳ ಸೇರ್ಕೊಂಡ. ಅವನನ್ನ ಇಳಿಸೋ ಗಡಿಬಿಡೀಲಿ ಟಿಕೆಟ್ ತಗೊಂಡೋರೂ ಇಳಿದುಹೋದ್ರು. ಹಲ್ಲಿನ ಕ್ರಿಮಿ ಕೊಂದ ಮಾತ್ರೆ, ಕರುಳಲ್ಲಿ ನಮಗೆ ನೆರವಾಗೋ ಒಳ್ಳೆ ಸೂಕ್ಷ್ಮಜೀವಿಗಳನ್ನೂ ಇಳಿಸಿಬಿಟ್ಟಿದೆ. ಆ ಮಾತ್ರೆ ಬೇಕಿತ್ತು, ತಪ್ಪಲ್ಲ. ಆದ್ರೆ ಇಳಿದೋರು ಒಬ್ಬೊಬ್ಬರಾಗಿ ಮತ್ತೆ ಹತ್ತಬೇಕಲ್ಲ? ಈಗ ಇನ್ನೊಂದು ಆಂಟಿಬಯೋಟಿಕ್ ನುಂಗಿದ್ರೆ, ಹತ್ತೋಕೆ ಬಂದೋರ ಮುಖಕ್ಕೇ ಬಾಗಿಲು ಹಾಕಿದ ಹಾಗೆ."

ಡ್ರೈವರಣ್ಣನ ಮುಷ್ಟಿ ಸಡಿಲವಾಯಿತು. "ಮತ್ತೆ ಉಪವಾಸ?"

"ಉಪವಾಸ ಇದ್ರೆ ನೀವೂ ಒಣಗ್ತೀರಿ, ಇಳಿದೋರೂ ಮತ್ತೆ ಹತ್ತಲ್ಲ. ಮೊದಲು ಓಆರ್‌ಎಸ್ ಪುಡೀನ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡೀರಿ. ಮೆತ್ತಗಿನ ಅನ್ನ, ಬಾಳೆಹಣ್ಣು, ಒಗ್ಗೋದಾದ್ರೆ ಮೊಸರು ತಿನ್ನಿ. ಹೊಟ್ಟೆ ತಹಬಂದಿಗೆ ಬರ್ತಿದ್ದ ಹಾಗೆ ಬೇಳೆಕಾಳು, ತರಕಾರಿ, ಬೇರೆ ಹಣ್ಣು ಸ್ವಲ್ಪಸ್ವಲ್ಪ ಸೇರಿಸಿ. ನಾರಿರೋ ಊಟವೇ ಆ ಜೀವಿಗಳಿಗೆ ಹಬ್ಬ. ಭೇದಿ ನಿಲ್ಲಿಸೋ ಮಾತ್ರೆ ಕೂಡ ಡಾಕ್ಟ್ರನ್ನ ಕೇಳದೆ ಬೇಡ. ರಕ್ತ, ಜ್ವರ, ಜೋರು ನೋವು ಬಂದ್ರೆ, ಮೂತ್ರ ಕಡಿಮೆ ಆದ್ರೆ, ಭೇದಿ ಜಾಸ್ತಿಯಾದ್ರೆ ಇಲ್ಲಾ ನಿಲ್ಲದೇ ಹೋದ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ."

"ನಾಳೆ ಡ್ಯೂಟಿ?"

"ಸಾಹೇಬರು ಸರಿಯಾಗೇ ಹೇಳಿದ್ದಾರೆ. ಮೈಯಲ್ಲಿ ಶಕ್ತಿ ಬರಲಿ, ಆಮೇಲೆ ಬಸ್ಸು."

ಮಾರನೇ ದಿನವೇನೂ ಪವಾಡ ನಡೆಯಲಿಲ್ಲ. ಡ್ರೈವರಣ್ಣ ಗೊಣಗುತ್ತಲೇ ಓಆರ್‌ಎಸ್ ಕುಡಿದರು. ಹೆಂಡತಿ ಹೊಲಿಗೆಯ ನಡುವೆ ಎದ್ದೆದ್ದು ಬಂದು ಲೋಟ ಖಾಲಿಯಾಗಿದೆಯೇ ಎಂದು ನೋಡಿದಳು. ನಿಧಾನಕ್ಕೆ ಹೊಟ್ಟೆ ಗಟ್ಟಿಯಾಯಿತು, ಹಸಿವು ಬಂತು, ಕಾಲಿಗೆ ಬಲ ಬಂತು. ಡಿಪೋದಿಂದ ಕರೆಯೂ ಬಂತು.

ಅಂದು ಬೆಳಿಗ್ಗೆ ಬಸ್ಸು ಎಲ್ಲೂ ಸುಮ್ಮನೆ ನಿಲ್ಲದೆ ಆಸ್ಪತ್ರೆಯ ಸ್ಟಾಪಿಗೆ ಬಂತು. ಕೆಲಸಕ್ಕೆ ಹೊರಟಿದ್ದ ನರ್ಸಕ್ಕ ಇಳಿಯುತ್ತಾ ಕೇಳಿದರು. "ಹೊಟ್ಟೆ ಹೇಗಿದೆ ಅಣ್ಣ?"

"ಯಾವ ಹೊಟ್ಟೆ ಸಿಸ್ಟರ್?"

ಹೇಳಿದ ಮೇಲೆಯೇ ಡ್ರೈವರಣ್ಣನಿಗೆ ಹೊಳೆದದ್ದು, ದಾರಿಯುದ್ದಕ್ಕೂ ಅದರ ನೆನಪೇ ಬಂದಿರಲಿಲ್ಲ! ಕಣ್ಣು ಹನಿಗೂಡಿತು. ಹಲ್ಲು ಉಳಿಸಿದ ಡಾಕ್ಟರಿಗೂ, ಮಾತಾಡದೆ ಮಹಡಿ ಹತ್ತಿದ ಹೆಂಡತಿಗೂ, ಎದುರಿಗೆ ನಿಂತ ಈ ಹೆಣ್ಣುಮಗಳಿಗೂ ಕೈ ಮುಗಿಯೋಣವೆಂದರೆ ಎರಡೂ ಕೈ ಸ್ಟೀರಿಂಗಿನ ಮೇಲೆ. ತಲೆ ಬಾಗಿಸಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ಆಂಟಿಬಯೋಟಿಕ್ ಬೇಕೋ ಬೇಡವೋ ಎಂಬುದನ್ನು ಡಾಕ್ಟರೇ ಹೇಳಲಿ. ಕೊಟ್ಟರೆ ಅವರು ಹೇಳಿದಂತೆಯೇ ಮುಗಿಸಿ. ನಡುವೆ ಹೊಟ್ಟೆ ಕೆಟ್ಟರೆ ನೀವಾಗಿ ನಿಲ್ಲಿಸಬೇಡಿ, ಅವರಿಗೇ ತಿಳಿಸಿ. ವಾರಗಳು ಕಳೆದ ಮೇಲೆ ಭೇದಿಯಾದರೂ ಆ ಮಾತ್ರೆ ತಿಂದದ್ದನ್ನು ಹೇಳಲು ಮರೆಯಬೇಡಿ. ಆಮೇಲೆ, ನಿಮ್ಮೊಳಗೆ ಸಂಬಳ ಕೇಳದೆ ದುಡಿಯುವ ಆ ಪುಟ್ಟ ಜೀವಿಗಳಿಗೆ ಒಳ್ಳೆಯ ಊಟ ಕೊಡಿ, ಸ್ವಲ್ಪ ಸಮಯ ಕೊಡಿ. ಉಪಕಾರ ಮಾಡಿದವರಿಗೆ ಊಟ ಹಾಕುವುದು ನಮಗೇನು ಹೊಸದೇ?