ಹೊತ್ತು ಮುಳುಗುವ ಮುಂಚೆಯೇ ಬೆಂಕಿ

ಕಾಡಂಚಿನ ಹಳ್ಳಿ ತಿಗನಾರೆಯಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆ ಬರುತ್ತದೆ, ಹಂದಿ ಬರುತ್ತದೆ. ಹೊಲದ ಕಾವಲಿನಲ್ಲಿ ದೊಡ್ಡಮಾದ ಗಟ್ಟಿಗರು. ಈ ವರ್ಷ ಅವರ ಅಟ್ಟಣೆ ಖಾಲಿ. ಹೊಟ್ಟೆಯ ಕ್ಯಾನ್ಸರ್ ಅವರನ್ನು ಮಂಚಕ್ಕೆ ಹಾಕಿತ್ತು. ಕಾಯಿಲೆ ವಾಸಿಯಾಗುವ ಹಂತ ದಾಟಿದೆ, ಮನೆಯಲ್ಲೇ ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಕೊಯಮತ್ತೂರಿನ ಡಾಕ್ಟರು ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟು ಕಳಿಸಿದ್ದರು. ಆದರೂ ಅವರು ಮಂಚದ ಹಗ್ಗ ಬಿಗಿಹಿಡಿದು ನರಳುತ್ತಿದ್ದರು.

ಇಂಥ ರೋಗಿಗಳನ್ನು ಮನೆಗೇ ಬಂದು ನೋಡುವ ನರ್ಸ್ ಸುಧಾಮಣಿ ಆ ದಿನ ಬಂದಾಗ, ಮಗ ಶಿವಮಲ್ಲು ಜೀಪಿಗೆ ಹೇಳಿ ಬಂದು ಜಗಲಿಯಲ್ಲಿ ನಿಂತಿದ್ದ.

“ಆ ಡಾಕ್ಟ್ರು ಕೈ ಬುಟ್ಬುಟ್ರು ಸಿಸ್ಟರ್. ಬೇರೆ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ.”

“ವಾಸಿ ಮಾಡಕಾಗಲ್ಲ ಅಂದ್ರು. ನೋಡ್ಕಳದೇ ಬ್ಯಾಡ ಅಂದ್ರಾ ಶಿವಮಲ್ಲಣ್ಣ?”

“ಮೆಲ್ಲುಕ್ ಮಾತಾಡಿ. ಅಪ್ಪುಂಗೆ ಏನೂ ಗೊತ್ತಿಲ್ಲ.”

ಸುಧಾಮಣಿ ಒಳಗೆ ಹೋಗಿ ಮಾತ್ರೆ ಕೇಳಿದಳು. ದೊಡ್ಡಮಾದರ ಹೆಂಡತಿ ಪುಟ್ಟಮಾದಮ್ಮ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಆನೆ ಓಡಿಸುವ ಪಟಾಕಿ. ಪಟಾಕಿಯ ಕೆಳಗೆ ಮಾತ್ರೆ, ಹೆಚ್ಚುಕಮ್ಮಿ ಕೊಟ್ಟ ಹಾಗೆಯೇ ಇತ್ತು.

“ಯಾಕವ್ವಾ, ಕೊಡ್ನಿಲ್ವ?”

“ತಡಿಲಾರ್‍ದಂಗೆ ನೋವು ಬಂದಾಗ ಒಂದು ಕೊಡ್ತೀನಿ ಕಣವ್ವ. ಈಗ್ಲೇ ಮುಗ್ಸುಬುಟ್ರೆ ಆಮೇಲೆ ಏನ್ ಕೊಡಾದು? ಪಟಾಕಿನೂ ಅಂಗೇ ತಾನೆ, ಆನೆ ಒಲಕ್ಕೆ ನುಗ್ಗುದ್ಮೇಲೆ ಅಚ್ಚಾದು?”

“ಬರೀ ಪಟಾಕಿ ನಂಬ್ಕೊಂಡು ಕಾವ್ಲು ಕಾಯ್ತಾರಾ ಮಾದಣ್ಣ?” ಸುಧಾಮಣಿ ಮಂಚದ ಕಡೆ ತಿರುಗಿದಳು.

ದೊಡ್ಡಮಾದ ಕಣ್ಣು ಬಿಟ್ಟರು. “ಇವ್ಳೇನಾದ್ರೂ ಕಾವ್ಲಿಗೆ ಬಂದಿದ್ರೆ ಊರ್ನೋರು ಉಪಾಸ! ಒತ್ತು ಮುಳುಗೋಕ್ಮುಂಚೇನೇ ಬೆಂಕಿ ಆಕ್ಬೇಕು ಕಣಮ್ಮಿ. ಆರೋಕ್ಮುಂಚೆ ಸೌದೆ ಒಟ್ಬೇಕು. ಆಗ ಆನೆ ಅತ್ರಕ್ಕೇ ಬರಲ್ಲ.”

“ಈ ಮಾತ್ರೇನೂ ಅಂಗೇ. ನೋವು ನುಗ್ಗುದ್ಮೇಲಲ್ಲ, ಅದಕ್ ಮುಂಚೇನೇ ಕೊಡ್ಬೇಕು. ಡಾಕ್ಟ್ರು ಏಳಿದ್ ಒತ್ಗೆ, ಏಳಿದಷ್ಟೇ. ನೋವು ಜಾಸ್ತಿ ಆದ್ರೆ ಅವ್ರೇ ಅಳತೆ ಏರುಸ್ತಾರೆ.”

ಹಿಂದೆಯೇ ಒಳಗೆ ಬಂದಿದ್ದ ಶಿವಮಲ್ಲು ಒಪ್ಪಲಿಲ್ಲ, ದನಿ ತಗ್ಗಿಸಿ ಹೇಳಿದ. “ಮಾರ್ಫಿನು ಚಟ ಆಗೋಯ್ತದಂತೆ. ಜೀವಾನೂ ಬೇಗ ತಗೀತದಂತೆ. ದಿಂಬದ ಟೀ ಅಂಗ್ಡೀಲಿ ಅಂದ್ರು.”

“ಅವ್ರು ಟೀ ಚೆಂದಾಗ್ ಕಾಯಿಸ್ತಾರೆ ಕಣಣ್ಣ. ಮಾತ್ರೆ ವಿಷ್ಯ ಡಾಕ್ಟ್ರನ್ನ ಕೇಳು. ಅವ್ರು ಏಳಿದ ಅಳತೇಲಿ ನೋವಿಗೆ ಕೊಟ್ರೆ ಚಟವೂ ಅಲ್ಲ, ಜೀವ ತಗಿಯೋದೂ ಅಲ್ಲ. ಮಲಬದ್ಧತೆ ಆಯ್ತದೆ, ಅದಕ್ಕೂ ಔಷ್ದಿ ಅದೆ. ತುಂಬ ಮಂಕು ಕವುದ್ರೆ ನಂಗೆ ತಕ್ಷಣ ಏಳ್ಕಳಿಸು.”

“ಆದ್ರೂ ಜೀಪು ಬತ್ತದೆ...”

“ಲೇ ಶಿವ,” ಎಂದರು ದೊಡ್ಡಮಾದ. “ನಂಗೆಲ್ಲ ಗೊತ್ತು ಕಣ್ಲಾ. ನೀನೂ ನಿಮ್ಮವ್ವನೂ ಮೂಲೇಲಿ ನಿಂತ್ಕಂಡು ಕಣ್ಣೊರುಸ್ಕಳಾದು ಕಾಣ್ದೆ ಇರಕ್ಕೆ ನಾನೇನ್ ಕುಲ್ಡನಾ? ಆಸ್ಪತ್ರೆಗೆ ಅಂತ ಆ ದಿಂಬದ ಘಾಟಿ ಇನ್ನೊಂದ್ಸಲ ಇಳುಸ್ಬೇಡ. ಒಂದೊಂದ್ ತಿರುವ್ನಲ್ಲೂ ಜೀವ ಓಗ್ ಬತ್ತದೆ. ನನ್ನ ಒಲ ಕಾಣೋ ಕಡೆ ಮಂಚ ಆಕು, ಸಾಕು.”

ಶಿವಮಲ್ಲು ಜೀಪು ಬೇಡವೆಂದು ಹೇಳಿಬಂದು, ಮಂಚವನ್ನು ಜಗಲಿಗೆ ತಂದ.

ಮಾತ್ರೆಗೆ ಬೇರೆ ಡಬ್ಬಿ ಬಂತು. ಮಾತ್ರೆಯ ಹೊತ್ತು ತಪ್ಪದಿರಲು ತಾಳವಾಡಿ ಪೇಟೆಯಿಂದ ಅಲಾರಂ ಗಡಿಯಾರ ಬಂತು. ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡುವುದು, ಎಲ್ಲವನ್ನೂ ಸುಧಾಮಣಿ ಕಲಿಸಿದಳು. ಪುಟ್ಟಮಾದಮ್ಮನನ್ನೂ ಮಲಗಿಸಿ, “ನೀವು ಬಿದ್ರೆ ಅವ್ರನ್ನ ನೋಡೋರ್‍ಯಾರು?” ಎಂದಳು. ಕೆಲವೇ ದಿನಗಳಲ್ಲಿ ದೊಡ್ಡಮಾದ ನಿದ್ದೆ ಮಾಡಿದರು. ಅಂಬಲಿ ಕೇಳಿದರು. ಸಂಜೆಯಾದರೆ ಜಗಲಿಯಿಂದಲೇ ಕೂಗುತ್ತಿದ್ದರು: “ಲೇ ಶಿವ, ಬೆಂಕಿ ಆಕಿದ್ಯೇನ್ಲಾ?”

ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ, ಮಗನ ಕೈಯಲ್ಲಿ ಕೈಯಿಟ್ಟುಕೊಂಡೇ ಅವರು ಹೋದರು. ಮನೆಯವರು ಅತ್ತರು. ಆದರೆ ಈಗ ಅವರ ಮಾತು ಬಂದರೆ ಆ ಮನೆಯಲ್ಲಿ ನೆನಪಾಗುವುದು ನರಳಾಟವಲ್ಲ, ಬೆಂಕಿ ಹಾಕಿದೆಯಾ ಎಂದು ಗದರುತ್ತಿದ್ದ ಆ ದನಿ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವಾಸಿಯಾಗದ ಕಾಯಿಲೆಗೂ ಆರೈಕೆ ಇದೆ. ಮನೆಯಲ್ಲಿ ಆಗದಿದ್ದರೆ ಇಂಥವರಿಗಾಗಿಯೇ ಇರುವ ಆರೈಕೆ ಮನೆಗಳಿವೆ, ಅವಕ್ಕೆ ಹಾಸ್ಪಿಸ್ ಎನ್ನುತ್ತಾರೆ. ನಿಮ್ಮವರ ನೋವನ್ನು ಮುಚ್ಚಿಡಬೇಡಿ, ಮಾತ್ರೆಯನ್ನು ಕೂಡಿಡಬೇಡಿ. ಇವತ್ತೇ ಡಾಕ್ಟರನ್ನೋ ಹಳ್ಳಿಗೆ ಬರುವ ನರ್ಸನ್ನೋ ಕೇಳಿ. ನೋವು ನುಗ್ಗುವವರೆಗೆ ಕಾಯಬೇಡಿ.